ಹರಿಗೋಲಿನ ಹಿಂಬದಿ

ವಿಜಯನಗರ, ಮೈಸೂರು
೧೨ ಜನವರಿ ೧೯೯೮

ಪ್ರೀತಿಯ ಅಣ್ಣನಿಗೆ ಪ್ರೇಮಲೀಲಾ ಮಾಡುವ ನಮಸ್ಕಾರಗಳು.

ನಿನ್ನ ಅಂಗಡಿಯಿಂದ ನೀನು ಕಳಿಸಿದ ಪಾರ್ಸೆಲ್ ಶನಿವಾರ ಕೈ ಸೇರಿತು. ಬಿಚ್ಚುವಾಗ ನಮ್ಮ ಮನೆಯವರು ಪಕ್ಕದಲ್ಲೇ ನಿಂತಿದ್ದರು. ರಟ್ಟಿನ ಮೇಲೆ ಇಂಗ್ಲಿಷಿನಲ್ಲಿ ದಪ್ಪಕ್ಕೆ ಫಿಶ್ ಫೈಂಡರ್ ಅಂತ ಬರೆದದ್ದನ್ನು ಓದಿ, "ಲಿಂಗ ಕಟ್ಟಿದೋರ ಮನೆಗೆ ಮೀನು ಹುಡುಕೋ ಯಂತ್ರ ಬಂತಲ್ಲೇ! ಇನ್ನು ಮಠದ ಸ್ವಾಮಿಗಳು ಪಾದಪೂಜೆಗೆ ಬಂದ ಹಾಗೇ ಇದೆ" ಅಂತ ನಕ್ಕರು. ನಾನು ಆ ರಟ್ಟನ್ನು ಹರಿದು ಹಂಡೆ ಒಲೆಗೆ ಹಾಕಿಬಿಟ್ಟೆ. ಅವ್ವನಿಗೆ ಹೇಳಿರುವುದು ಇದು ನೀರಿನ ಆಳ ತೋರಿಸುವ ಯಂತ್ರ ಅಂತ ಮಾತ್ರ. ಅದೇನೂ ಸುಳ್ಳಲ್ಲವಲ್ಲ?

ಹೋದ ತಿಂಗಳು ಕಾರ್ಡಿನಲ್ಲಿ ಎರಡೇ ಸಾಲು ಬರೆದು ಯಂತ್ರ ಕೇಳಿದ್ದೆ. ಈಗ ಸರಿಯಾಗಿ ಹೇಳುತ್ತೇನೆ. ದೀಪಾವಳಿಯಿಂದೀಚೆಗೆ ಅವ್ವನಿಗೆ ಅತ್ತಿಕೊಪ್ಪಲಿನ ಮನೆಯ ಹುಚ್ಚು ಹಿಡಿದಿದೆ. ಕಣ್ಣಿಗೆ ಪೊರೆ ಬಂದು ಎದುರಿಗಿರುವವರ ಮುಖ ಮಂಜಾದಷ್ಟೂ, ಕಬಿನಿ ಹಿನ್ನೀರಿನಲ್ಲಿ ಮುಳುಗಿಹೋದ ಆ ಮನೆ ಅವಳಿಗೆ ನಿಚ್ಚಳವಾಗುತ್ತಾ ಇದೆ. ಬೆಳಿಗ್ಗೆ ಎದ್ದವಳು ಹಾಸಿಗೆಯಲ್ಲೇ ಕೂತು, "ತೊಟ್ಟೀಲಿ ಬಿಸ್ಲು ಬಿದ್ದದೆ ಕಣ್ಮಗ. ನೀರೊಳಗೂ ಬಿಸ್ಲು ಬೀಳ್ತದೆ" ಅನ್ನುತ್ತಾಳೆ. ಗೋಡೆಗೆ ಕಿವಿಯಿಟ್ಟು, ಬಾವಿಯಲ್ಲಿ ಯಾರೋ ಕೊಡ ಇಳಿಬಿಟ್ಟ ಸದ್ದು ಕೇಳಿತು ಅನ್ನುತ್ತಾಳೆ. ನಮ್ಮ ಬಡಾವಣೆಯಲ್ಲಿ ಬಾವಿಯೇ ಇಲ್ಲ. ಒಂದು ಸಲ ನಾನೂ ಕಿವಿಯಿಟ್ಟೆ ಅಂದರೆ ನೀನು ನಗಬೇಡ.

ಮೇ ತಿಂಗಳಲ್ಲಿ ನೀರು ಇಳಿದಾಗ ಒಂದೇ ಒಂದು ಸಲ ಮನೆಯ ಮೇಲೆ ಹೋಗಿಬರಬೇಕಂತೆ. "ಮೇಲೆ ಹೋದರೂ ಕಾಣೋದು ನೀರೇ ಅಲ್ವಾ ಅವ್ವ" ಅಂದೆ. ಆಗ ಬಂತು ನೋಡು ಅವಳ ಬಾಯಿಂದ: "ನೀರಡಿ ಕಾಣೋ ಯಂತ್ರ ಷಡಕ್ಷರಿ ತಾವ ಅದಂತಲ್ಲ." ಹನ್ನೊಂದು ವರ್ಷದಿಂದ ಅವಳು ನಿನ್ನ ಹೆಸರೆತ್ತಿರಲಿಲ್ಲ. ಆ ಹೆಸರು ಕೇಳಿಸಿದ್ದಕ್ಕೇ ನಾನು ನಿನಗೆ ಕಾರ್ಡು ಹಾಕಿದೆ. ನೀನು ಮನೆಗೆ ಬರಬೇಕು ಅಣ್ಣ. ಅದು ಬಿಟ್ಟು ನನಗೆ ಬೇರೆ ಆಸೆ ಇಲ್ಲ.

ಫೋನ್ ಮಾಡು ಅನ್ನಬೇಡ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದಿನವಿಡೀ ಊರವರ ಮಾತು ಕಿವಿಗೆ ಹಾಕಿಕೊಂಡು ಕೂತವಳಿಗೆ ಫೋನಿನಲ್ಲಿ ಮನೆಯ ಮಾತು ಆಡಲು ಬರುವುದಿಲ್ಲ.

ಈಗ ಕೆಲಸದ ಮಾತು. ಪರದೆ ಇರುವ ಪೆಟ್ಟಿಗೆ ಅರ್ಥವಾಯಿತು. ಉದ್ದ ತಂತಿಯ ತುದಿಗೆ ಅಂಗೈ ತುಂಬುವಂಥ ಕಪ್ಪು ಗುಂಡು ಒಂದಿದೆಯಲ್ಲ, ಟ್ರಾನ್ಸ್‌ಡ್ಯೂಸರ್ ಅಂತೆ, ಅದನ್ನು ದೋಣಿಗೆ ಎಲ್ಲಿ ಕೂರಿಸುವುದು?

ನಿನ್ನ ತಂಗಿ,
ಪ್ರೇಮಾ

*

ಮಲ್ಪೆ
೨೬ ಜನವರಿ ೧೯೯೮

ಪ್ರೇಮಾಗೆ ಆಶೀರ್ವಾದ.

ಕೇಳಿದ್ದಕ್ಕೆ ಉತ್ತರ ಬರೆಯುತ್ತಿದ್ದೇನೆ. ಆ ಕಪ್ಪು ಗುಂಡೇ ಯಂತ್ರದ ಬಾಯಿ, ಅದೇ ಕಿವಿ. ನೀರೊಳಕ್ಕೆ ಒಂದು ಸದ್ದು ಬಿಡುತ್ತದೆ. ಅದು ತಳಕ್ಕೆ ಬಡಿದು ವಾಪಸು ಬಂದದ್ದನ್ನು ಕೇಳಿಸಿಕೊಂಡು ಪರದೆಯ ಮೇಲೆ ಗೆರೆ ಎಳೆಯುತ್ತದೆ. ಗುಂಡಿನ ಮುಖಕ್ಕೂ ನೀರಿಗೂ ನಡುವೆ ಗಾಳಿ ಸೇರಬಾರದು. ಸೇರಿದರೆ ಯಂತ್ರ ಕಿವುಡು.

ಕೂರಿಸುವುದಕ್ಕೆ ಮೂರು ದಾರಿ ಇದೆ. ದೋಣಿಯ ಹಿಂಬದಿಯ ಹಲಗೆಗೆ ಹೊರಗಿನಿಂದ ಒಂದು ಪಟ್ಟಿ ಬಿಗಿದು, ನೀರಿನಲ್ಲಿ ಮುಳುಗುವ ಹಾಗೆ ಇಳಿಬಿಡುವುದು ಸುಲಭದ ದಾರಿ. ತಳಕ್ಕೆ ತೂತು ಕೊರೆದು ಗುಂಡಿನ ಮುಖ ಹೊರಗೆ ಬರುವಂತೆ ಕೂರಿಸುವುದು ಎರಡನೆಯದು. ದೊಡ್ಡ ದೋಣಿಯವರು ಹಾಗೆ ಮಾಡುತ್ತಾರೆ, ಕೈ ತಪ್ಪಿದರೆ ದೋಣಿಗೆ ನೀರು. ಇನ್ನು ದೋಣಿ ಫೈಬರಿನದಾದರೆ ಒಳಗಡೆಯೇ ತಳಕ್ಕೆ ಅಂಟಿಸಿಬಿಡಬಹುದು, ಫೈಬರಿನ ಮೂಲಕ ಸದ್ದು ಹಾಯುತ್ತದೆ. ಮರದ ಮೂಲಕ ಹಾಯುವುದಿಲ್ಲ. ಆದ್ದರಿಂದ ದೋಣಿ ಮರದ್ದೋ ಫೈಬರಿನದೋ, ಹಿಂಬದಿ ಚಪ್ಪಟೆಯೋ ಚೂಪೋ, ನೋಡಿ ಬರೆ.

ಹೆಸರಿನ ವಿಷಯ. ಅದು ಯಂತ್ರ ಬೇಕಾಗಿ ಬಂದ ಹೆಸರು, ನಾನು ಬೇಕಾಗಿ ಬಂದದ್ದಲ್ಲ. ಕೃಷ್ಣಮೂರ್ತಿಪುರಂ ಬಾಡಿಗೆ ಮನೆಗೆ ಮದುವೆಯಾದ ಹೊಸದರಲ್ಲಿ ವಾರಿಜಾಳನ್ನು ಕರೆತಂದಾಗ ನೀನೂ ಅಲ್ಲೇ ಇದ್ದೆ. ಅವ್ವ ಬಾಗಿಲಿಗೆ ಅಡ್ಡ ನಿಂತು, "ಮೀನ್ ತಿನ್ನೋರ ಮನೆ ಹೆಣ್ಣು ನನ್ನ ಅಡಿಗೆಮನೆ ಹೊಸಿಲು ದಾಟಂಗಿಲ್ಲ" ಅಂದದ್ದನ್ನು ನೀನೂ ಕೇಳಿಸಿಕೊಂಡೆ. ಅವಳು ದಾಟದ ಹೊಸಿಲನ್ನು ನಾನೂ ದಾಟುವುದಿಲ್ಲ ಅಂತ ಹೇಳಿಯೇ ಹೊರಟವನು ನಾನು. ಅವ್ವ ಆ ಮಾತು ವಾಪಸು ತೆಗೆದುಕೊಳ್ಳುವ ತನಕ ಬರುವವನಲ್ಲ. ನೀನು ಯಂತ್ರದ ನೆಪ ಮಾಡಿ ನನ್ನನ್ನು ಎಳೆಯಬೇಡ.

ಬ್ಯಾಟರಿಗೆ ಕಾರಿನದು ಆಗುತ್ತದೆ. ಕೆಂಪು ತಂತಿ ಯಾವುದಕ್ಕೆ ಅಂತ ಭಾವನವರಿಗೆ ಗೊತ್ತಿರುತ್ತದೆ.

ಷಡಕ್ಷರಿ

*

ವಿಜಯನಗರ, ಮೈಸೂರು
೧ ಮಾರ್ಚ್ ೧೯೯೮

ಅಣ್ಣನಿಗೆ ನಮಸ್ಕಾರಗಳು.

ಉತ್ತರ ತಡವಾಯಿತು. ಶಿವರಾತ್ರಿ ಕೆಲಸ, ಅದರ ಮೇಲೆ ಅವ್ವನ ಉಪವಾಸ, ಅದರ ಮೇಲೆ ಅವ್ವ ಮಾಡಿದ ಕೆಲಸ.

ಮೊದಲು ದೋಣಿ. ದೋಣಿ ಚೆನ್ನಾಗಿದೆ. ಹಳೆಯದು, ಆದರೆ ಗಟ್ಟಿ. ಫೈಬರಲ್ಲ. ಮರದ್ದು ಅಂತಲೇ ಇಟ್ಟುಕೋ. ಹಿಂಬದಿಯನ್ನು ನಾನು ಅಷ್ಟು ಗಮನವಿಟ್ಟು ನೋಡಲಿಲ್ಲ.

ಈಗ ಅವ್ವ ಮಾಡಿದ ಕೆಲಸ. ಶಿವರಾತ್ರಿಯ ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬಂದರೆ ಅವ್ವ ಪೂಜೆಗೆ ಕೂತಿದ್ದಾಳೆ. ಕೊರಳಿನ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಂಡಿದ್ದಾಳೆ, ಅದು ಸರಿಯೇ. ಪಕ್ಕದ ಮಣೆಯ ಮೇಲೆ ಬಾಳೆಲೆ, ಬಾಳೆಲೆಯ ಮೇಲೆ ನಿನ್ನ ಟ್ರಾನ್ಸ್‌ಡ್ಯೂಸರ್! ಅದಕ್ಕೆ ಮೂರು ಬೆರಳಿನ ವಿಭೂತಿ, ಒಂದು ಬಿಲ್ವಪತ್ರೆ. ಕಪ್ಪಗೆ, ನುಣ್ಣಗೆ, ಗುಂಡಗೆ ಇರುವುದನ್ನು ಪೊರೆ ಬಂದ ಕಣ್ಣಿಗೆ ಲಿಂಗ ಅಂದುಕೊಂಡಳಲ್ಲ ಅಂತ ನನಗೆ ನಗುವೂ ಬಂತು, ಹೆದರಿಕೆಯೂ ಆಯಿತು. ಅದು ಮೀನಿಗೆ ಅಂತ ಮಾಡಿದ್ದು ಅಂತ ಗೊತ್ತಾದರೆ ನನ್ನ ಗತಿ? ಮೆಲ್ಲಗೆ, "ಅವ್ವ, ಅದು ಲಿಂಗ ಅಲ್ಲ" ಅಂದೆ. ಅವಳು ಕಣ್ಣು ಬಿಡಲಿಲ್ಲ.

"ಲಿಂಗ ಅಲ್ಲ ಅಂತ ನಂಗೂ ಗೊತ್ತು ಕಣ್ಮಗ. ಕಣ್ಣು ಮಂಜಾಗದೆ, ಬುದ್ಧಿ ಮಂಜಾಗಿಲ್ಲ. ಹನ್ನೊಂದು ವರ್ಷಕ್ಕೆ ಮಗನ ಕೈಯಿಂದ ಬಂದಿರೋ ವಸ್ತು. ಬರೀ ನೆಲದ ಮ್ಯಾಲೆ ಇಡಕ್ಕಾದದಾ?"

ಅಣ್ಣ, ನಾನು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಆದರೆ ಇದರಿಂದ ಒಂದು ತೊಡಕಾಯಿತು. ಇನ್ನು ಅದನ್ನು ಯಾರ ಕಾಲೂ ಸೋಕುವ ಜಾಗದಲ್ಲಿ ಇಡಕೂಡದಂತೆ. ಅದರ ಮೇಲೆ ಯಾರೂ ಕೂರಬಾರದಂತೆ, ದಾಟಬಾರದಂತೆ. ಅಂದಮೇಲೆ ದೋಣಿಯ ತಳಕ್ಕೆ ಅಂಟಿಸುವುದೂ ಇಲ್ಲ, ತಳ ಕೊರೆದು ಕೂರಿಸುವುದೂ ಇಲ್ಲ. ನಿನ್ನ ಮೂರು ದಾರಿಯಲ್ಲಿ ಉಳಿದದ್ದು ಹಿಂಬದಿ ಒಂದೇ.

ಇನ್ನೊಂದು ಮಾತು, ಕೋಪ ಮಾಡಿಕೊಳ್ಳಬೇಡ. ಅವ್ವ ಹಳೇ ಕಾಲದವಳು, ಅವಳದ್ದು ಹಠ ಅಂತಲೇ ಇಟ್ಟುಕೊಳ್ಳೋಣ. ನಿನ್ನ ಮನೆಯವರು ಓದಿದವರು. ಒಂದು ಸಲ ನೀವೊಬ್ಬರೇ ಹೋಗಿಬನ್ನಿ ಅಂತ ನಿನ್ನನ್ನು ಕಳಿಸಿಕೊಡಬಹುದಿತ್ತು. ಗಟ್ಟಿಯಾಗಿ ಹಿಡಿದಿಟ್ಟುಕೊಂಡಿದ್ದಾರೆ ಅಂತ ನನಗೆ ಅನ್ನಿಸುತ್ತದೆ. ಅನ್ನಿಸಿದ್ದನ್ನು ಬರೆದೆ.

ಪ್ರೇಮಾ

*

ಮಲ್ಪೆ
೧೪ ಮಾರ್ಚ್ ೧೯೯೮

ಪ್ರೇಮಾ,

ಹಿಂಬದಿಗೆ ಹಾಕುವ ಪಟ್ಟಿಯನ್ನು ಇದರ ಜೊತೆ ಕಳಿಸಿದ್ದೇನೆ. ತುಕ್ಕು ಹಿಡಿಯದ ಉಕ್ಕು. ನಾಲ್ಕು ತಿರುಪು, ರಬ್ಬರ್ ಬಿಲ್ಲೆ ಎಲ್ಲಾ ಅದರಲ್ಲೇ ಇದೆ. ಹೇಗೆ ಬಿಗಿಯಬೇಕು ಅನ್ನುವುದಕ್ಕೆ ಒಂದು ಚಿತ್ರವೂ ಇದೆ. ಗುಂಡಿನ ಮುಖ ನೀರಿನ ಮಟ್ಟಕ್ಕಿಂತ ಒಂದು ಗೇಣು ಕೆಳಗಿರಲಿ, ನೇರ ಕೆಳಕ್ಕೆ ನೋಡುತ್ತಿರಲಿ. ಹಲಗೆಗೆ ತಿರುಪು ಹಾಕುವ ಮುಂಚೆ ದೋಣಿಯವನನ್ನು ಕೇಳಿಕೋ. ದೋಣಿಗೆ ತೂತು ಹಾಕುವುದೆಂದರೆ ದೋಣಿಯವರಿಗೆ ತಮ್ಮ ಮೈಗೇ ಹಾಕಿದ ಹಾಗೆ.

ಗುಂಡಿನ ಮೇಲಿನ ವಿಭೂತಿ ಒರೆಸಿಬಿಡು. ಪುಡಿ ಇದ್ದರೆ ಅದರ ಸಂದಿಯಲ್ಲಿ ಗಾಳಿ ನಿಲ್ಲುತ್ತದೆ.

ಬೇಡ. ಮುಖದ ಕಡೆ ಮಾತ್ರ ಒರೆಸು. ಬೆನ್ನಿನ ಕಡೆ ಇರುವುದು ಹಾಗೇ ಇರಲಿ.

ಚಿತ್ರ ಬರೆದದ್ದು ವಾರಿಜಾ. ಅವಳ ಅಪ್ಪನ ದೋಣಿಗೆ ನಮ್ಮ ಅಂಗಡಿಯ ಮೊದಲನೇ ಯಂತ್ರ ಕೂರಿಸುವಾಗ ಜಾಗ ತೋರಿಸಿಕೊಟ್ಟವಳೂ ಅವಳೇ. ನೀನು ಅವಳ ವಿಷಯ ಬರೆದದ್ದನ್ನು ಅವಳಿಗೆ ಓದಿ ಹೇಳಲಿಲ್ಲ. ನಿನಗೆ ಗೊತ್ತಿಲ್ಲದ್ದನ್ನು ಬರೆಯಬೇಡ.

ಷಡಕ್ಷರಿ

*

ವಿಜಯನಗರ, ಮೈಸೂರು
೨ ಏಪ್ರಿಲ್ ೧೯೯೮

ಅಣ್ಣ,

ಯುಗಾದಿಯ ಬೇವು ಬೆಲ್ಲ ಲಕೋಟೆಯಲ್ಲಿ ಕಳಿಸುವ ಹಾಗಿದ್ದರೆ ಬೆಲ್ಲವನ್ನೇ ಜಾಸ್ತಿ ಹಾಕಿ ಕಳಿಸುತ್ತಿದ್ದೆ. ಯಾಕೆ ಅಂದರೆ ಇದನ್ನು ಓದಿ ನೀನು ನನ್ನನ್ನು ಬಯ್ಯುವವನಿದ್ದೀಯ.

ಅದು ದೋಣಿ ಅಲ್ಲ. ಹರಿಗೋಲು.

ದೋಣಿ ಅಂತ ಬರೆದವಳು ನಾನೇ. ನೀನು ಸಮುದ್ರದವನು, ಹರಿಗೋಲು ಅಂದರೆ ಇವರಿಗೆ ಯಂತ್ರ ಯಾಕೆ ಅಂತ ಸುಮ್ಮನಾಗಿಬಿಡುತ್ತೀಯ ಅಂತ ಹೆದರಿದೆ. ಆಮೇಲೆ ನೀನು ಮರವೋ ಫೈಬರೋ ಅಂತ ಕೇಳಿದೆ. ಬಿದಿರು ಅನ್ನಲು ಬಾಯಿ ಬರಲಿಲ್ಲ. ಈಗ ಪಟ್ಟಿ ಬಂತು, ತಿರುಪು ಬಂತು, ಹಿಂಬದಿಯನ್ನು ಎಲ್ಲಿಂದ ತರಲಿ?

ಭಾನುವಾರ ಕೋಟೆ ಬಸ್ಸು ಹತ್ತಿ ಹಿನ್ನೀರಿಗೆ ಹೋಗಿದ್ದೆ. ನಮ್ಮೂರಿನ ಹರಿಗೋಲಿನ ಸಿದ್ದಪ್ಪಾಜಿ ದಡದಲ್ಲಿ ಅದನ್ನು ಬೋರಲು ಹಾಕಿ ಟಾರು ಬಳಿಯುತ್ತಿದ್ದ. ನಾನು ಚಿತ್ರ ಬಿಡಿಸಿ ಹಿಡಿದು, ಇದನ್ನು ಹಿಂಬದಿಗೆ ಬಿಗಿಯಬೇಕು, ನಿನ್ನ ಹರಿಗೋಲಿಗೆ ಹಿಂದೆ ಯಾವುದು ಅಂತ ಕೇಳಿದೆ. ಅವನ ನಾಲಿಗೆಯಲ್ಲಿ 'ಹ' ಹೊರಳುವುದಿಲ್ಲ ಅಂತ ನಿನಗೆ ಗೊತ್ತಲ್ಲ. ಸೊಂಟದ ಮೇಲೆ ಕೈಯಿಟ್ಟು ಹೇಳಿದ:

"ಅರಿಗೋಲ್ಗೆ ಇಂದೂ ಇಲ್ಲ, ಮುಂದೂ ಇಲ್ಲ ಕಣವ್ವ."

ಇಂದೂ ಇಲ್ಲ ಮುಂದೂ ಇಲ್ಲ ಅಂದದ್ದು ಕೇಳಿ ನನಗೆ ನಮ್ಮ ಮನೆಯ ಕತೆಯನ್ನೇ ಹೇಳಿದ ಹಾಗಾಗಿ ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆ. ಅವನು ಗಾಬರಿಯಾಗಿ, "ಯಾಕವ್ವ, ನಾನೇನಂದೆ? ದುಂಡುಗಿರೋದ್ಕೆ ಇಂದೆ ಎಲ್ಲಿಂದ ಬಂದಾದು? ನಾನೆಲ್ ಕುಂತ್ಕತೀನೋ ಅದೇ ಮುಂದು. ಎದ್ ಆ ಕಡೆ ಕುಂತ್ರೆ ಅದೇ ಮುಂದು" ಅಂದ. ಸುಮ್ಮನೆ ಬದಿಗೆ ಬಿಗಿದು ನೋಡೋಣ ಅಂತ ತಿರುಪು ತೆಗೆದೆ ನೋಡು, "ನನ್ನ ಅರಿಗೋಲ್ಗೆ ಮೊಳೆ ಒಡ್ದೀರಾ?" ಅಂತ ಅದರ ಮೇಲೆ ಮಗುವನ್ನು ಮುಚ್ಚುವವನ ಹಾಗೆ ಮಲಗಿಬಿಟ್ಟ. ಪಟ್ಟಿ ಮತ್ತೆ ಚೀಲಕ್ಕೆ ಹೋಯಿತು.

ನಿನ್ನ ಮನೆಯವರು ಬರೆದ ಚಿತ್ರ ಅವ್ವನಿಗೆ ತೋರಿಸಿದೆ. ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. ಯಾರು ಬರೆದದ್ದು ಅಂತ ಹೇಳಿದೆ. ಮಡಿಚಿ ತನ್ನ ತಲೆದಿಂಬಿನ ಕೆಳಗೆ ಇಟ್ಟುಕೊಂಡಿದ್ದಾಳೆ, ನನಗೆ ವಾಪಸು ಕೊಟ್ಟಿಲ್ಲ.

ಹಿಂದೆ ಇಲ್ಲದ್ದಕ್ಕೆ ಹಿಂಬದಿ ಕೂರಿಸುವುದು ಹೇಗೆ ಅಂತ ಬರೆ. ಬಯ್ಯುವುದಿದ್ದರೆ ಅದನ್ನು ಕೊನೆಯಲ್ಲಿ ಬರೆ.

ಪ್ರೇಮಾ

*

ಮಲ್ಪೆ
೧೧ ಏಪ್ರಿಲ್ ೧೯೯೮

ಪ್ರೀತಿಯ ಪ್ರೇಮಾ,

ನಿನ್ನ ಪತ್ರವನ್ನು ಅಂಗಡಿಯಲ್ಲಿ ನಿಂತೇ ಓದಿದೆ. ಹರಿಗೋಲು ಅನ್ನುವ ಜಾಗಕ್ಕೆ ಬಂದಾಗ ಎಷ್ಟು ನಕ್ಕೆ ಅಂದರೆ ವಾರಿಜಾ ಒಳಗಿನಿಂದ ಓಡಿ ಬಂದಳು. ಓದಿ ಹೇಳಿದೆ. ಅವಳೂ ನಕ್ಕಳು. ಹಿಂಬದಿ ಇಲ್ಲದ ದೋಣಿಯನ್ನು ಅವಳು ಕಂಡೇ ಇಲ್ಲವಂತೆ. ನಾನು ಒಂದು ಊಟದ ತಟ್ಟೆಯನ್ನು ನೀರಿನ ಬಕೆಟ್ಟಿನಲ್ಲಿ ತೇಲಿಬಿಟ್ಟು ಬೆರಳಿನಿಂದ ತಿರುಗಿಸಿ ತೋರಿಸಿದೆ. ನಾವಿಬ್ಬರೂ ಬಹಳ ಹೊತ್ತು ಆ ತಟ್ಟೆ ತಿರುಗುವುದನ್ನೇ ನೋಡುತ್ತಾ ಕೂತಿದ್ದೆವು, ಗಿರಾಕಿ ಬಂದು ಹೋದದ್ದೂ ಗೊತ್ತಾಗಲಿಲ್ಲ.

ಆಮೇಲೆ ನನಗೆ ನಿದ್ದೆಯಲ್ಲಿ ಅತ್ತಿಕೊಪ್ಪಲು ಬಂತು. ತೊಟ್ಟಿಯಲ್ಲಿ ನೀರು ತುಂಬಿದೆ, ಕಲ್ಲಿನ ಕಂಬಗಳು ನಿಂತ ಹಾಗೇ ನಿಂತಿವೆ, ಅಪ್ಪ ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಾರೆ. ಸುಣ್ಣ ನೀರಿನಲ್ಲಿ ಕರಗಿ ಬೆಳ್ಳಗೆ ಹೊಗೆಯ ಹಾಗೆ ಹೋಗುತ್ತಿದೆ. ನಾನು ಮಾತಾಡಿದರೆ ಸದ್ದು ಬರುವುದಿಲ್ಲ. ಎದ್ದಾಗ ಕಣ್ಣು ಒದ್ದೆಯಾಗಿತ್ತು. ಇದನ್ನು ಬರೆಯಬಾರದು ಅಂದುಕೊಂಡಿದ್ದೆ.

ವಾರಿಜಾಳ ವಿಷಯವನ್ನೂ ಹೇಳಿಬಿಡುತ್ತೇನೆ. ಅವಳು ನನ್ನನ್ನು ಹಿಡಿದಿಟ್ಟುಕೊಂಡಿಲ್ಲ. ಪ್ರತಿ ವರ್ಷ ಯುಗಾದಿಗೆ ನನ್ನ ಬಟ್ಟೆ ಮಡಿಚಿ ಚೀಲಕ್ಕೆ ಹಾಕಿ, "ನೀವು ಹೋಗಿ ಬನ್ನಿ ಮಾರಾಯ್ರೆ, ನನ್ನಿಂದ ತಾಯಿ ಮಗ ಬೇರೆ ಆಗುವುದು ಬೇಡ" ಅನ್ನುತ್ತಾಳೆ. ಚೀಲ ಬಿಚ್ಚಿ ಬಟ್ಟೆಯನ್ನು ಮತ್ತೆ ಗೂಟಕ್ಕೆ ಹಾಕುವವನು ನಾನು. ಈ ಸಲವೂ ಹಾಗೇ ಆಯಿತು. ನಾನೊಬ್ಬನೇ ಬಂದರೆ ಅವ್ವನ ಮಾತು ಸರಿ ಅಂತ ಒಪ್ಪಿದ ಹಾಗಾಗುತ್ತದೆ ಪ್ರೇಮಾ. ಅದು ನನ್ನ ಕೈಲಾಗುವುದಿಲ್ಲ.

ಈಗ ಹರಿಗೋಲು. ಪಟ್ಟಿಯನ್ನು ಒಂದು ಬಿದಿರಿನ ಗಳುವಿನ ತುದಿಗೆ ಬಿಗಿ. ಗಳುವನ್ನು ಹರಿಗೋಲಿನ ಅಂಚಿಗೆ ಹಗ್ಗದಿಂದ ಕಟ್ಟಿ, ತುದಿಯನ್ನು ನೀರಿಗೆ ಇಳಿಬಿಡು. ಮೊಳೆ ಬೇಡ, ತೂತು ಬೇಡ, ಯಾರ ಕಾಲೂ ಸೋಕುವುದಿಲ್ಲ. ತಿರುಗುವುದೊಂದೇ ತೊಂದರೆ, ನಿಧಾನಕ್ಕೆ ಹುಟ್ಟು ಹಾಕಲು ಹೇಳು.

ಮರೆಯಬೇಡ. ಯಂತ್ರಕ್ಕೆ ಮೀನು ಸಿಕ್ಕಿದರೆ ಪೀಂ ಪೀಂ ಅಂತ ಕೂಗುತ್ತದೆ. ಎಡಗಡೆಯ ಕೆಳಗಿನ ಗುಂಡಿಯನ್ನು ಒತ್ತಿ ಹಿಡಿದರೆ ಕೂಗು ನಿಲ್ಲುತ್ತದೆ. ಅವ್ವನನ್ನು ಕರೆದುಕೊಂಡು ಹೋಗುವ ಮುಂಚೆಯೇ ನಿಲ್ಲಿಸಿಬಿಡು. ಅದು ಮೀನಿನ ಯಂತ್ರ ಅಂತ ತಿಳಿದರೆ ನೀರಿಗೆ ಎಸೆಯುತ್ತಾಳೆ. ಎಸೆದರೆ ಎಸೆಯಲಿ, ಆದರೆ ಅವಳು ಬಾಳೆಲೆಯ ಮೇಲೆ ಇಟ್ಟಿದ್ದು ಅಂತ ನೀನು ಬರೆದ ಮೇಲೆ ನನಗೆ ಅದು ಹಾಗೆ ಹೋಗುವುದು ಬೇಡ ಅನ್ನಿಸುತ್ತಿದೆ.

ನಿನ್ನ ಅಣ್ಣ

*

(ಅಂಚೆ ಕಾರ್ಡು)

ಮಲ್ಪೆ
೮ ಮೇ ೧೯೯೮

ಪ್ರೇಮಾ, ಒಂದು ತಿಂಗಳಾಗುತ್ತಾ ಬಂತು, ನಿನ್ನಿಂದ ಒಂದು ಸಾಲೂ ಇಲ್ಲ. ಗಳು ಆಯಿತೋ ಇಲ್ಲವೋ? ಅವ್ವ ಹೇಗಿದ್ದಾಳೆ? ವಾರಿಜಾ ದಿನಾ ಅಂಚೆಯವನ ದಾರಿ ಕಾಯುತ್ತಾಳೆ. ಹಿನ್ನೀರಿನ ಮೇಲೆ ಗಾಳಿ ಎದ್ದರೆ ಹೋಗಬೇಡಿ. ಮನೆ ಕಾಣದಿದ್ದರೂ ಚಿಂತೆಯಿಲ್ಲ. ಎರಡು ಸಾಲು ಬರೆ.
ಷಡಕ್ಷರಿ

*

ವಿಜಯನಗರ, ಮೈಸೂರು
೧೭ ಮೇ ೧೯೯೮

ಪ್ರೀತಿಯ ಅಣ್ಣನಿಗೆ, ಅತ್ತಿಗೆಗೆ, ಪ್ರೇಮಲೀಲಾ ಮಾಡುವ ನಮಸ್ಕಾರಗಳು.

ಅತ್ತಿಗೆ ಅಂತ ಬರೆದಿದ್ದೇನೆ, ಹನ್ನೊಂದು ವರ್ಷ ತಡವಾಗಿ. ನಾನು ಅವರ ಬಗ್ಗೆ ಬರೆದದ್ದನ್ನು ನೀನು ಓದಿ ಹೇಳದೇ ಇದ್ದದ್ದು ನನ್ನ ಪುಣ್ಯ.

ಇಷ್ಟು ದಿನ ಬರೆಯದೇ ಇದ್ದದ್ದಕ್ಕೆ ಕಾರಣ ಬೇರೇನಿಲ್ಲ. ಬರೆದರೆ ನೀನು ಆಸೆ ಇಟ್ಟುಕೊಳ್ಳುತ್ತೀಯ, ಆಮೇಲೆ ಏನೂ ಆಗದಿದ್ದರೆ ಅನ್ನುವ ಭಯ. ನೀರು ಇಳಿಯಲಿ ಅಂತ ಕಾಯುತ್ತಿದ್ದೆ. ಮೊನ್ನೆ ಶುಕ್ರವಾರ ಹೋಗಿಬಂದೆವು.

ಹಿನ್ನೀರು ಅವತ್ತು ಹೇಗಿತ್ತು ಅಂತ ಹೇಳಲು ನನಗೆ ಬರುವುದಿಲ್ಲ. ಗಾಳಿಯೇ ಇರಲಿಲ್ಲ. ಆಕಾಶ ಯಾವುದು ನೀರು ಯಾವುದು ಅಂತ ತಿಳಿಯದ ಹಾಗೆ ಎರಡೂ ಒಂದೇ ಬಣ್ಣ. ನಡುವೆ ಒಣಗಿದ ಮರದ ಬೊಡ್ಡೆಗಳು, ಒಂದೊಂದರ ಮೇಲೂ ಒಂದೊಂದು ನೀರುಕಾಗೆ ರೆಕ್ಕೆ ಹರಡಿಕೊಂಡು ಕೂತಿತ್ತು. ಅವ್ವನನ್ನು ಸಿದ್ದಪ್ಪಾಜಿಯೂ ನಾನೂ ಹಿಡಿದು ಹರಿಗೋಲಿಗೆ ಇಳಿಸಿದೆವು. ಅವಳು ಕಾಲು ಮಡಿಚಿ ಕೂತಳು. ಬ್ಯಾಟರಿ ನನ್ನ ಮಡಿಲಲ್ಲಿ, ಪೆಟ್ಟಿಗೆ ಬ್ಯಾಟರಿಯ ಮೇಲೆ. ನೀನು ಹೇಳಿದ ಗುಂಡಿಯನ್ನು ದಡದಲ್ಲೇ ಒತ್ತಿ ಹಿಡಿದೆ, ಕೂಗು ನಿಂತಿತು ಅಂದುಕೊಂಡೆ.

ನಮ್ಮೂರಿನ ಬಸವನ ಗುಡಿಯ ತುದಿ ನೀರಿನಿಂದ ಒಂದು ಮೊಳದಷ್ಟು ಮೇಲೆ ಕಾಣುತ್ತಿತ್ತು. ಅಲ್ಲಿಂದ ಮೂಡಲಿಗೆ ಮೂರನೇ ಮನೆ ನಮ್ಮದಲ್ಲವೇ? ಗಳು ಇಳಿಬಿಟ್ಟೆವು. ಹರಿಗೋಲು ಎರಡು ಸುತ್ತು ತಿರುಗಿರಬೇಕು, ಗಳು ಯಾವುದೋ ಬೊಡ್ಡೆಗೆ ತಗುಲಿ ಟಕ್ ಅಂತ ಮುರಿಯಿತು. ನಿನ್ನ ಪಟ್ಟಿ ನೀರಿನ ಪಾಲು. ತಂತಿ ಗಟ್ಟಿ ಇದ್ದದ್ದಕ್ಕೆ ಪಟ್ಟಿಯಿಂದ ಕಳಚಿಕೊಂಡ ಗುಂಡನ್ನು ಮೇಲಕ್ಕೆ ಎಳೆದುಕೊಂಡೆ. ಇಷ್ಟು ತಿಂಗಳ ಪತ್ರವೆಲ್ಲಾ ಹೋಯಿತಲ್ಲ ಅಂತ ನನಗೆ ಅಳು ಬಂತು. ಸಿದ್ದಪ್ಪಾಜಿ, "ತಿರುಗ್ಬುಡ್ಲಾ ಅವ್ವ, ದಡಕ್ಕೆ?" ಅಂದ.

ಅವ್ವ ಕೈ ಚಾಚಿದಳು. "ಇತ್ತ ಕೊಡು."

ಕೊಟ್ಟೆ. ಇಷ್ಟಲಿಂಗ ಇಟ್ಟುಕೊಳ್ಳುವ ಎಡ ಅಂಗೈಯಲ್ಲಿ ಅದನ್ನು ಇಟ್ಟುಕೊಂಡಳು. ಮುಖ ಕೆಳಗಿರಬೇಕು ಅಂದೆ. ಬೆರಳು ಮಡಿಚಿ ಹಿಡಿದು, ಅಂಗೈ ಮಗುಚಿ, ಅಂಚಿನ ಮೇಲಿಂದ ಬಾಗಿ ಕೈಯನ್ನು ಮಣಿಕಟ್ಟಿನ ತನಕ ನೀರಿಗೆ ಇಳಿಸಿದಳು. ಪರದೆಯ ಮೇಲೆ ಗೆರೆ ಬಂತು ಅಣ್ಣ! ನಾವು ಇಷ್ಟು ದಿನ ಎಲ್ಲಿ ಕೂರಿಸುವುದು ಅಂತ ಹುಡುಕಿದ ಜಾಗ ಅವ್ವನ ಕೈಯೇ ಆಗಿತ್ತು.

ಸಿದ್ದಪ್ಪಾಜಿ ಹುಟ್ಟನ್ನು ನೀರಿನಿಂದ ಮೇಲೆತ್ತಿ ಹಿಡಿದ. ಹರಿಗೋಲು ತನ್ನಷ್ಟಕ್ಕೆ ತಾನು ಮೆಲ್ಲಗೆ ತಿರುಗತೊಡಗಿತು. ಹಿಂದೆ ಮುಂದೆ ಇಲ್ಲದ್ದೇ ಒಳ್ಳೆಯದಾಯಿತು, ನಾವು ಮನೆಗೆ ಪ್ರದಕ್ಷಿಣೆ ಹಾಕಿದ ಹಾಗೆ ಸುತ್ತು ಬಂದೆವು. ನಾನು ಪರದೆ ನೋಡಿ ಹೇಳುವುದು, ಅವ್ವ ಕಣ್ಣು ಮುಚ್ಚಿಕೊಂಡು ಉತ್ತರ ಕೊಡುವುದು.

"ಗೆರೆ ಮೇಲಕ್ಕೆ ಬಂತವ್ವ, ಚಪ್ಪಟೆಗಿದೆ."

"ಜಗಲಿ ಅದು. ನಿಮ್ಮಪ್ಪ ಕೂರೋ ಜಗಲಿ."

"ಈಗ ವಸಿ ತಗ್ಗು."

"ತೊಟ್ಟಿ."

"ಈಗ ಕೆಳಕ್ಕೆ ಬಿದ್ದೋಯ್ತು ಅವ್ವ, ಬಲು ಆಳ."

"ಬಾವಿ ಕಣ್ಮಗ. ಬಾವಿ ಪಕ್ಕಕ್ಕೆ ಅಡಿಗೆಮನೆ. ಸಿದ್ದಪ್ಪಾಜಿ, ಇಲ್ಲಿ ವಸಿ ನಿಲ್ಸಪ್ಪ."

ಅವನು ಒಂದು ಬೊಡ್ಡೆ ಹಿಡಿದು ನಿಲ್ಲಿಸಿದ. ಎಷ್ಟು ನಿಶ್ಶಬ್ದ ಅಂದರೆ ಹುಟ್ಟಿನಿಂದ ನೀರು ತೊಟ್ಟಿಕ್ಕುವುದು ಕೇಳುತ್ತಿತ್ತು. ಅವ್ವನ ಮುಖ ನೋಡಿದೆ. ನಮ್ಮ ಚಿಕ್ಕಂದಿನಲ್ಲಿ ಒಲೆಯ ಮುಂದೆ ಕೂತಾಗ ಹೇಗಿರುತ್ತಿತ್ತೋ ಹಾಗಿತ್ತು. ನೀನಿದ್ದರೆ ಎಂದುಕೊಂಡೆ.

ಆಗ ಯಂತ್ರ ಕೂಗಿತು. ಒಂದು ಸಲವಲ್ಲ, ಬಿಡದೆ ಪೀಂ ಪೀಂ ಪೀಂ. ಪರದೆಯ ತುಂಬಾ ಪುಟ್ಟ ಪುಟ್ಟ ಮೀನಿನ ಗುರುತುಗಳು. ನಾನು ಒತ್ತಿದ ಗುಂಡಿ ಯಾವುದೋ ಏನೋ! ಸೆರಗಿನಿಂದ ಮುಚ್ಚಲು ಹೋದೆ, ಅಷ್ಟರಲ್ಲಿ ಸಿದ್ದಪ್ಪಾಜಿ ಬಗ್ಗಿ ನೋಡಿ ಕೂಗಿಯೇಬಿಟ್ಟ: "ಮೀನು ಕಣವ್ವೋ! ಏನ್ ಇಂಡು! ನಿಮ್ಮ ಅಡಿಗೆಮನೆ ತುಂಬ್ಕಂಡವೆ!"

ಅವ್ವ ಕಣ್ಣು ಬಿಟ್ಟಳು. "ಯಾವ ಯಂತ್ರ ಇದು, ಪ್ರೇಮಾ?"

ಇನ್ನು ಮುಚ್ಚಿಡುವುದೇನಿತ್ತು? "ಮೀನು ಹುಡುಕೋ ಯಂತ್ರ ಅವ್ವ. ಅಣ್ಣನ ಅಂಗಡೀಲಿ ಮಾರೋದೇ ಇದು" ಅಂದೆ. ಈಗ ಕೈ ಬಿಡುತ್ತಾಳೆ, ಗುಂಡು ತಳಕ್ಕೆ ಹೋಗುತ್ತದೆ, ಅದರ ಜೊತೆ ನೀನು ಬರುವುದೂ ಹೋಯಿತು ಅಂತ ಕಾದೆ. ಅವಳು ಕೈ ಬಿಡಲಿಲ್ಲ. ಯಂತ್ರ ಕೂಗುತ್ತಲೇ ಇತ್ತು.

"ನನ್ನ ಅಡಿಗೆಮನೇಲಿ?" ಅಂದಳು.

"ಹೂಂ ಅವ್ವ."

ಅವಳ ಹೆಗಲು ಅಲ್ಲಾಡಿತು. ಅಳುತ್ತಿದ್ದಾಳೆ ಅಂದುಕೊಂಡೆ, ನಗುತ್ತಿದ್ದಳು. ಆಮೇಲೆ ನಿಜವಾಗಿಯೂ ಅತ್ತಳು. ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ, ಒಂದಕ್ಷರ ಬದಲಿಸಿಲ್ಲ:

"ಇವ್ಕೆ ಯಾರ್ ಹೊಸಿಲು ತೋರ್ಸಿದ್ರು? ಕರೀದಂಗೆ ಕೇಳ್ದಂಗೆ ಬಂದು ಸೇರ್ಕಂಡವೆ. ಆ ಹೆಣ್ಮಗ ಬಾಗ್ಲಲ್ಲಿ ನಿಂತು, ಒಳಿಕ್ಕೆ ಬರ್ಲಾ ಅಮ್ಮ ಅಂತ ಕೇಳ್ತು. ಕೇಳಿದ್ದಕ್ಕಲ್ವಾ ನಾನು ಬ್ಯಾಡ ಅಂದದ್ದು?"

ಅವತ್ತು ಅತ್ತಿಗೆ ಹಾಗೆ ಕೇಳಿದ್ದು ನನಗೆ ನೆನಪೇ ಇರಲಿಲ್ಲ. ಅವ್ವ ಇಷ್ಟು ವರ್ಷ ಅದನ್ನು ಇಟ್ಟುಕೊಂಡಿದ್ದಾಳೆ.

ದಡಕ್ಕೆ ಬರುವಾಗಲೂ ಕೈ ನೀರಿನಿಂದ ತೆಗೆಯಲಿಲ್ಲ. ಬಸ್ಸಿನಲ್ಲಿ ನನ್ನ ಪಕ್ಕ ಕೂತು, "ಬರಿ ಅವನಿಗೆ. ಆ ಮಾತ ನಾನು ನೀರಿಗಾಕ್ಬುಟ್ಟೆ ಅಂತ ಬರಿ. ಇಬ್ರೂ ಬರ್ಲಿ. ಅವ್ಳು ಬಾಗ್ಲಲ್ಲಿ ನಿಂತು ಕೇಳೋದ್ ಬ್ಯಾಡ, ಸೀದಾ ಒಳಿಕ್ಕೆ ಬರ್ಲಿ" ಅಂದಳು. ಬರೆದಿದ್ದೇನೆ.

ಪ್ರೇಮಾ

*

ಮಲ್ಪೆ
೨೩ ಮೇ ೧೯೯೮

ಪ್ರೇಮಾ,

ಬುಧವಾರ ಬೆಳಿಗ್ಗೆಯ ಬಸ್ಸಿಗೆ ಬರುತ್ತೇವೆ. ಇಬ್ಬರೂ.

ನಿನ್ನ ಪತ್ರವನ್ನು ನಾನು ಓದಿ ಮುಗಿಸಲಾಗದೆ ಅರ್ಧಕ್ಕೆ ನಿಲ್ಲಿಸಿದೆ. ಉಳಿದದ್ದನ್ನು ವಾರಿಜಾ ಕಿತ್ತುಕೊಂಡು ಓದಿದಳು. ಅಡಿಗೆಮನೆಯ ವಿಷಯ, ಅವ್ವ ಹೇಳಿ ಕಳಿಸಿದ ಮಾತಿನ ವಿಷಯ ಏನಾದರೂ ಹೇಳುತ್ತಾಳೆ ಅಂತ ನಾನು ಕಾಯುತ್ತಿದ್ದೆ. ಅವಳು ಕೇಳಿದ್ದು ಇಷ್ಟು:

"ಅಮ್ಮ ಅಷ್ಟು ಹೊತ್ತು ಕೈ ನೀರಲ್ಲಿ ಇಟ್ರಲ್ಲ, ಮರಗಟ್ಟಿರ್ಬೇಕು ಮಾರಾಯ್ರೆ. ಯಾರಾದ್ರೂ ಉಜ್ಜಿ ಬಿಸಿ ಮಾಡಿದ್ರಾ?"

ನೀನು ಅದನ್ನು ಬರೆದಿಲ್ಲ. ಬಂದಾಗ ಅವಳೇ ಅವ್ವನನ್ನು ಕೇಳಲಿ.

ಷಡಕ್ಷರಿ